ಭಾರವೇ ಇಲ್ಲದ ಒಂದು ಪಾರ್ಸೆಲ್

ಕುವೈತಿನ ಮಂಗಫ್‌ನ ಆ ಹಳದಿ ಬಿಲ್ಡಿಂಗಿನಲ್ಲಿ ಕೊನ್ರಾಡ್ ಎಂಬ ಮನುಷ್ಯ ತಾನೊಬ್ಬ ಹಾಸ್ಯ ಕಲಾವಿದ ಅಂತ ಕಂಡುಹಿಡಿದದ್ದು ಒಂದು ಬರ್ತ್‌ಡೇ ಪಾರ್ಟಿಯಲ್ಲಿ, ಅದೂ ಕೇಕ್ ಬರುವುದು ತಡ ಆದದ್ದರಿಂದ. ಕೇಕ್ ಸರಿಯಾದ ಹೊತ್ತಿಗೆ ಬಂದಿದ್ದರೆ ಅವನು ಎಲ್ಲರ ಹಾಗೆ ಒಂದು ತುಂಡು ತಿಂದು, ಕೋರಿ ರೊಟ್ಟಿ ಹೊಡೆದು, ಮನೆಗೆ ಹೋಗಿ ಮಲಗ್ತಿದ್ದ. ಯಾರಿಗೂ ಏನೂ ಆಗ್ತಿರಲಿಲ್ಲ. ಆದ್ರೆ ಕೇಕಿನ ಕಾರು ಫಹಾಹೀಲ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿತ್ತು. ಬರ್ತ್‌ಡೇ ಹುಡುಗಿ ಲೊರೈನ್ ಅಳ್ಲಿಕ್ಕೆ ಶುರು ಮಾಡಿದಳು. ಅವಳನ್ನು ನೋಡಿ ಬಾಕಿ ಮಕ್ಕಳೂ ಶುರು.

"ಯಾರಾದ್ರೂ ಎಂತಾದ್ರೂ ಮಾಡಿ ಮಾರಾಯ್ರೆ!" ಅಂತ ಲೊರೈನಿನ ಅಪ್ಪ ಕೈಮುಗಿದ.

ಕೊನ್ರಾಡ್ ಎದ್ದ. ಹೆಂಡತಿ ಲವಿಟಾ ಅವನ ಶರ್ಟು ಹಿಡಿದು ಎಳೆದಳು. ಲವಿಟಾ ನರ್ಸ್. ಯಾವ ಗಾಯ ದೊಡ್ಡದಾಗ್ತದೆ ಅಂತ ನೋಡಿದ ಕೂಡಲೇ ಗೊತ್ತಾಗ್ತದೆ ಅವಳಿಗೆ. ಆದ್ರೆ ಶರ್ಟು ಕೈಯಿಂದ ಜಾರಿತು.

ಅವನು ಮಾಡಿದ್ದು 'ಪಾರ್ಸೆಲ್ ಆಂಟಿ'. ಕುವೈತಿನಲ್ಲಿದ್ದವರಿಗೆ ಬಿಡಿಸಿ ಹೇಳುವುದೇ ಬೇಡ. ಊರಿಗೆ ಟಿಕೆಟ್ ಮಾಡಿದ ಸುದ್ದಿ ಟ್ರಾವೆಲ್ಸಿನವನ ಬಾಯಿಂದ ಹೊರಗೆ ಬೀಳುವ ಮೊದಲೇ ನಮ್ಮ ಮನೆ ಬೆಲ್ಲು ಹೊಡೀತದೆ. ಬಾಗಿಲು ತೆರೆದರೆ ಒಬ್ಬರು ಕೈ ಹಿಂದೆ ಏನೋ ಹಿಡ್ಕೊಂಡು ನಗ್ತಾ ನಿಂತಿರ್ತಾರೆ. ಕೊನ್ರಾಡ್ ಲವಿಟಾಳ ದುಪ್ಪಟ್ಟಾ ತಗೊಂಡು ಹೆಗಲಿಗೆ ಹಾಕಿ, ತಲೆ ಒಂದು ಬದಿಗೆ ವಾಲಿಸಿ, ಜೇನು ಸುರಿಯುವ ಸ್ವರದಲ್ಲಿ ಶುರು ಮಾಡಿದ:

"ಕೊನ್ರಾಡ್ ಪುತಾ, ಊರಿಗಂತೆ? ನಿಂಗೆ ತೊಂದ್ರೆ ಕೊಡ್ಲಿಕ್ಕೆ ನಂಗೆ ಮನಸ್ಸೇ ಇಲ್ಲ. ಚಿಕ್ಕದೊಂದು. ಭಾರವೇ ಇಲ್ಲ, ಗಾಳಿ! ಒಂದು ಮೂಲೆಯಲ್ಲಿ ಅದರಷ್ಟಕ್ಕೆ ಕೂತ್ಕೊಳ್ತದೆ. ಏರ್‌ಪೋರ್ಟಿಗೇ ಬಂದು ತಗೊಳ್ತಾರೆ ನಮ್ಮವರು. ಬರದಿದ್ರೆ ಮಾತ್ರ ನೀನು ಒಂಚೂರು ಕಾರ್ಕಳದವರೆಗೆ ಹೋಗಿ ಕೊಟ್ಟು ಬಾ, ಆಯ್ತಾ?"

ಹೇಳ್ತಾ ಹೇಳ್ತಾ ಬೆನ್ನ ಹಿಂದಿನಿಂದ ಆ ಗಾಳಿಯನ್ನು ಹೊರಗೆ ಎಳೆದ. ಎಳೆದ, ಎಳೆದ, ಮುಗಿಯುವುದೇ ಇಲ್ಲ! ಹುಲಿಯ ಚಿತ್ರ ಇರುವ ಕೊರಿಯನ್ ಬ್ಲಾಂಕೆಟ್, ಡಬಲ್ ಬೆಡ್ಡಿನದ್ದು! ಅದನ್ನು ಬಾಗಿಲಲ್ಲಿ ತುರುಕುವ ಹಾಗೆ ಅಭಿನಯ, ಹುಲಿಯ ಬಾಲ ಹೊರಗೇ ಉಳಿದ ಹಾಗೆ ಅಭಿನಯ.

ಜನ ನಕ್ಕರು ಅಂದ್ರೆ ಎಂತ ನಗು! ಸೋಫಾ ಹಿಂದಕ್ಕೆ ಹೋಯ್ತು. ಯಾರೋ ಕುಡೀತಿದ್ದ ವಿಮ್ಟೋ ಶರಬತ್ತು ಮೂಗಿನಿಂದ ಬಂತು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಕೆಳಗಿನ ಮಾಳಿಗೆಯ ಐವಿ ಆಂಟಿ. ಅವರ ಕಣ್ಣಲ್ಲಿ ನೀರು. ಲವಿಟಾಳ ಬೆನ್ನಿಗೆ ಗುದ್ದಿ ಗುದ್ದಿ, "ಇಂಥವರು ಇದ್ದಾರೆ ಮಾರಾಯ್ತಿ! ಸತ್ಯವಾಗಿ ಇದ್ದಾರೆ!" ಅಂದರು.

ಅದು ಗುರುವಾರ. ಶುಕ್ರವಾರ ಅಲ್ಲಿ ವಾರದ ರಜೆ; ಬೆಳಿಗ್ಗೆ ಅಹ್ಮದಿ ಚರ್ಚಿನಲ್ಲಿ ಪೂಜೆ ಮುಗಿಸಿ ಹೊರಗೆ ಬರುವಾಗ ಯಾರೋ ಒಬ್ಬ ಮಹಾತಾಯಿ ಐವಿ ಆಂಟಿಯ ಕೈ ಹಿಡಿದು, "ಕಂಗ್ರಾಜುಲೇಷನ್ಸ್! ಕೊನ್ರಾಡ್ ನಿಮ್ಮನ್ನು ಭಾರಿ ಚಂದ ಮಾಡಿದನಂತೆ!" ಅಂದಳು.

ಐವಿ ಆಂಟಿಯ ನಗು ಅಲ್ಲಿಗೆ ಖಲಾಸ್.

ಮಧ್ಯಾಹ್ನ ಕೊನ್ರಾಡಿನ ಮನೆ ಬೆಲ್ಲು ಹೊಡೀತು. ಆಂಟಿ ಬಾಗಿಲಲ್ಲೇ ನಿಂತರು. ಹಿಂದೆ ಅವರ ಗಂಡ ಸ್ಯಾಮುವೆಲ್ ಅಂಕಲ್, ಬಿಳಿ ಮೀಸೆ, ಮಾತು ಕಡಿಮೆ, ಕೈಯಲ್ಲಿ ಒಂದು ಕುಕ್ಕರ್. ಯಾವಾಗಲೋ ಲವಿಟಾ ಕೊಟ್ಟಿದ್ದ ಕುಕ್ಕರ್. ವಾಪಸ್ ಬಂದಿತ್ತು. ಗಲ್ಫಿನಲ್ಲಿ ಕುಕ್ಕರ್ ವಾಪಸ್ ಬಂತು ಅಂದ್ರೆ ರಾಯಭಾರಿಯನ್ನು ಹಿಂದೆ ಕರೆಸಿಕೊಂಡ ಹಾಗೆ.

"ನಾನು ಕೊಟ್ಟ ಬ್ಲಾಂಕೆಟಿನಲ್ಲಿ ಹುಲಿ ಇರ್ಲಿಲ್ಲ ಕೊನ್ರಾಡ್," ಅಂದರು ಆಂಟಿ. "ನವಿಲು ಇತ್ತು."

"ಆಂಟಿ, ಅದು ನೀವಲ್ಲ! ದೇವರಾಣೆ ನೀವಲ್ಲ! ಅದು ನನ್ನ ಅಮ್ಮ! ಊರಿಂದ ಬರುವಾಗ ಅಮ್ಮ ಹಾಗೇ ತಲೆ ವಾಲಿಸಿ, ಚಿಕ್ಕದೊಂದು ಅಂತ ಹೇಳಿ, ಉಪ್ಪಿನಕಾಯಿ ಭರಣಿಯನ್ನೇ..."

"ಓಹೋ! ನನ್ನನ್ನು ತಮಾಷೆ ಮಾಡಿದ್ದು ಸಾಲದು ಅಂತ ಈಗ ಹೆತ್ತ ತಾಯಿಯ ಮೇಲೆ ಹಾಕುದಾ? ಸ್ಯಾಮ್, ನಡೀರಿ!"

ಸ್ಯಾಮುವೆಲ್ ಅಂಕಲ್ ಕುಕ್ಕರನ್ನು ನೆಲದ ಮೇಲಿಟ್ಟು, ಅದರ ಸೀಟಿಯನ್ನು ಜೇಬಿನಿಂದ ತೆಗೆದು ಮೇಲಿಟ್ಟು, ಇಳಿದು ಹೋದರು.

ಇಷ್ಟರಲ್ಲೇ ಮುಗಿದಿದ್ದರೆ ಸಮಾಧಾನ. ಮುಗೀಲಿಲ್ಲ. ಎರಡನೇ ಮಾಳಿಗೆಯವರು ಬಂದು, "ಆ ಕಾರ್ಕಳದ ವಿಷಯ ನಮ್ಮದೇ ಅಲ್ವಾ?" ಅಂತ ಜಗಳ ಮಾಡಿ ಹೋದರು. ನಾಲ್ಕನೇ ಮಾಳಿಗೆಯವರು ಬಂದು, "ಇಷ್ಟು ವರ್ಷದಿಂದ ನಿಮ್ಮ ಹತ್ರ ಪಾರ್ಸೆಲ್ ಕೊಟ್ಟದ್ದು ನಾವು, ಹೆಸರು ಮಾತ್ರ ಐವಿ ಆಂಟಿಗಾ?" ಅಂತ ಬೇಜಾರು ಮಾಡಿಕೊಂಡರು. ಕಂಪನಿ ಬಸ್ಸಿನಲ್ಲಿ ಮೈಕಲ್ ಅನ್ನುವ ವೆಲ್ಡರ್ ಸೀಟು ಬದಲಾಯಿಸಿ ಕೂತ. "ನಿನ್ನ ಹತ್ರ ಕೂತ್ರೆ ನನ್ನನ್ನೂ ಮಾಡ್ತಿ," ಅಂದ.

ಇದರ ನಡುವೆ ಕನ್ನಡ ಸಂಘದ ಕಾರ್ಯದರ್ಶಿ ಶ್ಯಾಮಸುಂದರ್ ಅವರ ಫೋನು. ತುಂಬ ಶುದ್ಧ ಮನುಷ್ಯ ಅವರು, ಫೋನಿನಲ್ಲೂ ಇಸ್ತ್ರಿ ಹಾಕಿದ ಹಾಗೆ ಮಾತಾಡ್ತಾರೆ.

"ಕೊನ್ರಾಡ್ ಅವರೇ, ನಿಮ್ಮ ಪ್ರತಿಭೆಯ ಬಗ್ಗೆ ಕೇಳಿದೆವು. ನಮ್ಮ ವಾರ್ಷಿಕೋತ್ಸವದಲ್ಲಿ ತಾವು ಹಾಸ್ಯ ಮಾಡಬೇಕು."

ಕೊನ್ರಾಡ್ ನಿಂತಲ್ಲೇ ಒಂದು ಗೇಣು ಎತ್ತರ ಆದ. "ಖಂಡಿತ ಸರ್!"

"ಆದರೆ ಪಾರ್ಸೆಲ್ ಬೇಡ. ದೂರು ಬಂದಿದೆ. ಆಂಟಿಯರು ಬೇಡ. ಅಂಕಲ್‌ಗಳೂ ಬೇಡ. ಕಂಪನಿ, ವೀಸಾ ಕೊಟ್ಟ ಕಫೀಲ್, ಅದೆಲ್ಲ ಮೊದಲೇ ಬೇಡ. ಗಂಡ ಹೆಂಡತಿ ವಿಷಯ ನಮ್ಮ ಅಧ್ಯಕ್ಷರಿಗೆ ಆಗುವುದಿಲ್ಲ. ಯಾರಿಗೂ ನೋವಾಗಬಾರದು ನೋಡಿ."

"ಮತ್ತೆ ನಾನು ಎಂತ ಮಾಡ್ಬೇಕು ಸರ್?"

"ಹಾಸ್ಯ ಮಾಡಿ," ಅಂದರು ಶ್ಯಾಮಸುಂದರ್.

ಹೀಗೆ ಅತ್ತ ಕಲೆಯೂ ಇಲ್ಲ, ಇತ್ತ ಕುಕ್ಕರೂ ವಾಪಸ್ ಅಂತ ಕೂತಿದ್ದಾಗ ಅಸಲಿ ಪೆಟ್ಟು ಬಿತ್ತು. ಅವನು ಕೆಲಸ ಮಾಡುವ ರಿಫೈನರಿಯಲ್ಲಿ ಶಟ್‌ಡೌನ್, ಅಂದ್ರೆ ಯಂತ್ರ ನಿಲ್ಲಿಸಿ ಹಗಲು ರಾತ್ರಿ ರಿಪೇರಿ. ಎಲ್ಲರ ರಜೆ ಕ್ಯಾನ್ಸಲ್. ಕೊನ್ರಾಡಿನ ರಜೆಯೂ.

ಅದರಲ್ಲೇನು ಅಂತೀರಾ? ಅವನ ಒಬ್ಬಳೇ ತಂಗಿ ಕಾರ್ಮೆಲ್‌ಳ ಮದುವೆ ಎದುರಿಗಿತ್ತು! ಮೂಡಬಿದ್ರೆ ಹತ್ತಿರ ಮನೆ. ಅಪ್ಪ ಇಲ್ಲ. "ಗೌನಿನ ಚಿಂತೆ ಯಾರೂ ಮಾಡ್ಬೇಡಿ, ಗೌನ್ ಕುವೈತಿಂದ ನಾನೇ ತರ್ತೇನೆ, ಇಡೀ ಊರು ಬಾಯಿ ಬಿಟ್ಟು ನೋಡ್ಬೇಕು" ಅಂತ ಫೋನಿನಲ್ಲಿ ಎದೆ ಬಡಿದು ಹೇಳಿದ್ದ. ಸಾಲ್ಮಿಯಾದ ಅಂಗಡಿಯಲ್ಲಿ ಇದ್ದದ್ದರಲ್ಲೇ ದೊಡ್ಡ ಬಿಳಿ ಗೌನು ತಗೊಂಡೂ ಆಗಿತ್ತು. ಊರಲ್ಲಿ ಯಾರೂ ಬೇರೆ ಗೌನು ಹೊಲಿಸಿರಲಿಲ್ಲ. ಲವಿಟಾಳಿಗೆ ಆಸ್ಪತ್ರೆಯಲ್ಲಿ ರಜೆ ಇಲ್ಲ. ಕಾರ್ಗೋದಲ್ಲಿ ಹಾಕಿದರೆ ಮದುವೆ ಮುಗಿದು, ಮಗು ಹುಟ್ಟಿ, ಅದರ ಬ್ಯಾಪ್ಟಿಸಮ್ಮಿನ ಹೊತ್ತಿಗೆ ಮುಟ್ಟುತ್ತದೆ.

ಕೊನ್ರಾಡ್ ಹವಲ್ಲಿಗೆ ಓಡಿದ. ಅಲ್ಲಿ ಅವನ ದೋಸ್ತಿ ಸೈದು ಮೊಬೈಲ್ ಅಂಗಡಿ ಇಟ್ಟಿದ್ದ. ಬಂಟ್ವಾಳದ ಬ್ಯಾರಿ, ಇಡೀ ಕುವೈತಿನ ಸುದ್ದಿ ಅವನ ಕೌಂಟರಿನಲ್ಲಿ ಸಿಕ್ತದೆ.

"ಸೈದು, ಮದುವೆ ಮೊದಲು ಮಂಗಳೂರಿಗೆ ಯಾರು ಹೋಗ್ತಾರೆ ಮಾರಾಯ?"

ಸೈದು ಒಂದು ಫೋನಿನ ಹಿಂಬದಿ ಬಿಚ್ಚುತ್ತಾ, "ಹೋಗುವವರು ಉಂಟು," ಅಂದ. "ನಿನ್ನ ಬಿಲ್ಡಿಂಗಿನವರೇ. ಸ್ಯಾಮುವೆಲ್ ಅಂಕಲ್, ಐವಿ ಆಂಟಿ."

ಕೊನ್ರಾಡ್ ಸ್ಟೂಲಿನ ಮೇಲೆ ಕೂತುಬಿಟ್ಟ. "ಬೇರೆ?"

"ಬೇರೆ ಯಾರೂ ಇಲ್ಲ. ಸ್ಕೂಲು ರಜೆ ಅಲ್ಲ, ಎಂತ ಅಲ್ಲ, ಈಗ ಯಾರು ಹೋಗ್ತಾರೆ? ಹೋಗಿ ಕೇಳು ಮಾರಾಯ. ಒಂದು ಡಬ್ಬ ಕುನಾಫಾ ತಗೊಂಡು ಹೋಗು. ಸಿಹಿ ತಿಂದ ಬಾಯಲ್ಲಿ ಇಲ್ಲ ಅನ್ಲಿಕ್ಕೆ ಬರುದಿಲ್ಲ."

ಅಂಕಲ್‌ಗೆ ಸಕ್ಕರೆ ಕಾಯಿಲೆ ಅಂತ ನೆನಪಾದದ್ದು ಡಬ್ಬ ಹಿಡ್ಕೊಂಡು ಅವರ ಬಾಗಿಲ ಮುಂದೆ ನಿಂತ ಮೇಲೆ. ಪಕ್ಕದಲ್ಲಿ ಲವಿಟಾ. ದಾರಿಯುದ್ದಕ್ಕೂ ಕ್ಷಮಾಪಣೆಯ ಮಾತನ್ನು ಬಾಯಿಪಾಠ ಮಾಡಿಸಿದ್ದಳು ಅವಳು. 'ಆಂಟಿ, ನನ್ನಿಂದ ತಪ್ಪಾಯ್ತು' ಅಂತ ಶುರು ಮಾಡ್ಬೇಕು, ತಲೆ ತಗ್ಗಿಸ್ಬೇಕು, ಗೌನಿನ ವಿಷಯ ಕೊನೆಗೆ.

ಬಾಗಿಲು ತೆರೀತು. ಐವಿ ಆಂಟಿ. ಹಿಂದೆ ಸೋಫಾದಲ್ಲಿ ಪೇಪರು ಹಿಡಿದ ಅಂಕಲ್.

ಕೊನ್ರಾಡಿನ ತಲೆ ಖಾಲಿಯಾಯ್ತು. ಬಾಯಿಪಾಠ ಮಾಡಿದ್ದೆಲ್ಲ ಹೋಯ್ತು. ಡಬ್ಬವನ್ನು ಯಾಕೋ ಬೆನ್ನ ಹಿಂದೆ ಅಡಗಿಸಿದ. ಹೆದರಿಕೆಗೆ ತಲೆ ತನ್ನಷ್ಟಕ್ಕೆ ಒಂದು ಬದಿಗೆ ವಾಲಿತು. ಮತ್ತೆ ಬಾಯಿ ತೆರೆದಾಗ ಬಂದದ್ದು ಇದು:

"ಆಂಟಿ... ಊರಿಗಂತೆ? ನಿಮಗೆ ತೊಂದ್ರೆ ಕೊಡ್ಲಿಕ್ಕೆ ನಂಗೆ ಮನಸ್ಸೇ ಇಲ್ಲ. ಚಿಕ್ಕದೊಂದು..."

ಲವಿಟಾ ಕಣ್ಣು ಮುಚ್ಚಿಕೊಂಡಳು.

ಒಳಗೆ ಪೇಪರು ನಡುಗಲಿಕ್ಕೆ ಶುರುವಾಯ್ತು. ಪೇಪರಿನ ಮೇಲಿಂದ ಕಾಣುವ ಅಂಕಲ್‌ನ ಬೋಳು ತಲೆ ಕೆಂಪಾಯ್ತು. ಐವಿ ಆಂಟಿ ಮುಖ ಬಿಗಿ ಹಿಡಿದು ಕೇಳಿದರು:

"ಎಂತ ಅದು ಚಿಕ್ಕದು?"

"ಗೌನು ಆಂಟಿ. ಕಾರ್ಮೆಲ್‌ದು. ಮದುವೆಯದ್ದು."

"ಭಾರ?"

ಬೇರೆ ಏನು ಹೇಳಿದರೂ ಆಗ್ತಿತ್ತು. ಆದ್ರೆ ಪಾಪ, ಅವನ ಬಾಯಲ್ಲಿ ಇದ್ದದ್ದು ಅದೊಂದೇ. "ಭಾರವೇ ಇಲ್ಲ ಆಂಟಿ. ಗಾಳಿ. ಒಂದು ಮೂಲೆಯಲ್ಲಿ ಅದರಷ್ಟಕ್ಕೆ..."

ಸ್ಯಾಮುವೆಲ್ ಅಂಕಲ್ ಪೇಪರು ಎಸೆದು ಸೋಫಾದ ಮೇಲೆ ಅಡ್ಡ ಬಿದ್ದರು. ಆ ಮನುಷ್ಯನ ನಗು ಹೇಗಿರ್ತದೆ ಅಂತ ಬಿಲ್ಡಿಂಗಿಗೆ ಮೊದಲ ಸಲ ಗೊತ್ತಾದದ್ದು ಆವತ್ತು. ಐವಿ ಆಂಟಿ ಬಾಗಿಲ ಚೌಕಟ್ಟು ಹಿಡಿದರು, ಸೆರಗನ್ನು ಬಾಯಿಗೆ ತುರುಕಿದರು, ಆಗಲಿಲ್ಲ, ಅಲ್ಲೇ ಹೊಸ್ತಿಲಲ್ಲಿ ಕೂತುಬಿಟ್ಟರು.

"ಇನ್ನೊಮ್ಮೆ ಹೇಳು," ಅಂದರು ಕಣ್ಣೊರೆಸಿಕೊಂಡು.

"ಆಂಟಿ, ನಾನು ಸೀರಿಯಸ್ಸಾಗಿ ಕೇಳ್ತಾ ಇದ್ದೇನೆ. ಗೌನು ಮುಟ್ಟದಿದ್ರೆ ನನ್ನ ತಂಗಿ ಯಾವುದರಲ್ಲಿ ಮದುವೆ ಆಗುದು?" ಕೊನ್ರಾಡಿನ ಸ್ವರ ಒಡೀತು. "ಅಪ್ಪ ಇದ್ದಿದ್ರೆ..."

ಆಂಟಿ ನಗು ನಿಲ್ಲಿಸಿದರು. ಎದ್ದು ಸೆರಗು ಸರಿ ಮಾಡಿಕೊಂಡರು.

"ಕಾರ್ಮೆಲ್‌ಗೋಸ್ಕರ ತಗೊಂಡು ಹೋಗ್ತೇನೆ. ನಿನಗೋಸ್ಕರ ಅಲ್ಲ. ಮತ್ತೆ ಆ ಕುನಾಫಾ ಇಲ್ಲಿ ಕೊಡು, ಬೆನ್ನ ಹಿಂದೆ ಇಟ್ಟು ಸಕ್ಕರೆ ಪಾಕ ಪ್ಯಾಂಟಿಗೆ ಇಳೀತಾ ಉಂಟು."

ಗೌನು ಬಂತು. ಆಗ ಗೊತ್ತಾಯ್ತು ಕೊನ್ರಾಡ್ ಎಂತ ತಗೊಂಡಿದ್ದಾನೆ ಅಂತ. ಗೌನೇನೋ ಮಡಚಿದ ಹಾಗೆ ಮಡಚಿಕೊಂಡಿತು. ಅದರ ಒಳಗೆ ಹಾಕುವ ಲಂಗ ಉಂಟಲ್ಲ, ಗೌನನ್ನು ಉಬ್ಬಿಸಿ ನಿಲ್ಲಿಸುವ ಕ್ಯಾನ್‌ಕ್ಯಾನು, ಅದರೊಳಗೆ ಸುತ್ತಲೂ ಸ್ಟೀಲಿನ ಬಳೆಗಳು! ಕವರಿನಿಂದ ತೆಗೆದದ್ದೇ 'ಠಣ್' ಅಂತ ಅರಳಿ, ಟೀಪಾಯಿ ಮೇಲಿನ ಗ್ಲಾಸು ಕೆಡವಿ, ಹಾಲಿನ ಅರ್ಧ ಜಾಗ ಹಿಡಿದು ನಿಂತುಕೊಂಡಿತು. ಮಡಚಿದರೆ ಆಕಾರ ಹೋಗ್ತದೆ ಅಂತ ಅಂಗಡಿಯವನು ಮೊದಲೇ ಹೇಳಿದ್ದ.

"ಗಾಳಿಯಾ?" ಅಂದರು ಸ್ಯಾಮುವೆಲ್ ಅಂಕಲ್.

ಹೊರಡುವ ದಿನ ಸೈದು ತನ್ನ ದೊಡ್ಡ ಗಾಡಿ ತಂದ. ಲವಿಟಾ, ಕೊನ್ರಾಡ್, ಅಂಕಲ್, ಆಂಟಿ, ಸೂಟ್‌ಕೇಸುಗಳು, ಎಲ್ಲರ ಮಡಿಲ ಮೇಲೆ ಅಡ್ಡಡ್ಡ ಆ ಕ್ಯಾನ್‌ಕ್ಯಾನು. ಏರ್‌ಪೋರ್ಟಿನಲ್ಲಿ ತೂಕ ಹಾಕಿದರೆ ಜಾಸ್ತಿ. ಆಂಟಿ ಅಲ್ಲೇ ನೆಲದ ಮೇಲೆ ಸೂಟ್‌ಕೇಸು ಬಿಚ್ಚಿದರು. ಕೊನ್ರಾಡ್ ಗೌನಿಗೆ ಕೈ ಹಾಕಿದ.

"ಅದನ್ನು ಮುಟ್ಟಬೇಡ!" ಅಂತ ಗದರಿಸಿ, ತನ್ನದೇ ಹಾಲಿನ ಪುಡಿ ಡಬ್ಬಗಳನ್ನು, ಮೊಮ್ಮಕ್ಕಳಿಗೆ ಅಂತ ತಗೊಂಡ ಚಾಕಲೇಟನ್ನು, ಹೊಸ ಬೆಡ್‌ಶೀಟನ್ನು ಒಂದೊಂದಾಗಿ ತೆಗೆದು ಅವನ ಕೈಗೆ ಕೊಟ್ಟರು.

"ಆಂಟಿ, ನಾನು ನಿಮಗೆ ಹೇಗೆ ಥ್ಯಾಂಕ್ಸ್..."

"ಥ್ಯಾಂಕ್ಸ್ ನಿನ್ನ ಹತ್ರವೇ ಇಟ್ಕೋ. ನನ್ನ ಲಗೇಜಿನಲ್ಲಿ ಜಾಗ ಇಲ್ಲ."

ತೂಕ ಸರಿಯಾಯ್ತು. ಆದ್ರೆ ಕೌಂಟರಿನವನು ಕ್ಯಾನ್‌ಕ್ಯಾನ್ ನೋಡಿ ತಲೆ ಅಲ್ಲಾಡಿಸಿದ. ಇದು ಸೂಟ್‌ಕೇಸೂ ಅಲ್ಲ, ಹ್ಯಾಂಡ್‌ಬ್ಯಾಗೂ ಅಲ್ಲ, ಇದಕ್ಕೆ ವಿಮಾನದಲ್ಲಿ ಜಾಗ 'ಮಾಫಿ', ಅಂದ್ರೆ ಇಲ್ಲವೇ ಇಲ್ಲ! ಅಂಕಲ್ ಬೇಡಿಕೊಂಡರು, ಲವಿಟಾ ಬೇಡಿಕೊಂಡಳು. ಕೊನ್ರಾಡ್ ಬೇಡಿಕೊಳ್ಲಿಕ್ಕೆ ಬಾಯಿ ತೆರೆದ. ಎಲ್ಲರೂ ಸೇರಿ ಅವನ ಬಾಯಿ ಮುಚ್ಚಿಸಿದರು.

"ಮೈಮೇಲೆ ಹಾಕಿದ್ದಕ್ಕೆ ತೂಕ ಉಂಟಾ?" ಅಂತ ಕೇಳಿದರು ಐವಿ ಆಂಟಿ ಇದ್ದಕ್ಕಿದ್ದ ಹಾಗೆ.

"ಇಲ್ಲ ಮೇಡಮ್."

"ಲವಿಟಾ, ಬಾ ನನ್ನೊಟ್ಟಿಗೆ." ಎರಡು ಹೆಜ್ಜೆ ಹೋಗಿ ನಿಂತರು. "ಆದ್ರೆ ಇದರ ಮೇಲೆ ಎಂತ ಹಾಕುದು? ಸೀರೆ ನಿಲ್ಲುದಿಲ್ಲ."

ಆಗ ಸೈದು ಕೆಮ್ಮಿದ. ಬೆಳಿಗ್ಗೆಯಿಂದ ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಕಟ್ಟು ಒತ್ತಿ ಹಿಡಿದಿದ್ದ ಅವನು. ಹೇಳುವುದಾ ಬೇಡವಾ ಅಂತ ನೋಡ್ತಾ ಇದ್ದ.

"ಆಂಟಿ, ತೊಂದ್ರೆ ಇಲ್ಲದಿದ್ರೆ... ಬಂಟ್ವಾಳಕ್ಕೆ... ಉಮ್ಮನಿಗೆ ಒಂದು ಅಬಾಯಾ, ಬುರ್ಖಾದ ಹಾಗಿನದ್ದು. ಕದೀಜಾ ಕಳಿಸಿದ್ದು, ನನ್ನ ಹೆಂಡತಿ. ಉಮ್ಮ ಸ್ವಲ್ಪ ದಪ್ಪ, ಹಾಗಾಗಿ ಭಾರಿ ಅಗಲ ಉಂಟು."

ಸ್ಯಾಮುವೆಲ್ ಅಂಕಲ್ ಸೈದುವನ್ನು ನೋಡಿದರು. ಸೈದು ಛಾವಣಿ ನೋಡಿದ. ಐವಿ ಆಂಟಿ ಮಾತ್ರ ಆ ಕಟ್ಟನ್ನು ಅವನ ಕಂಕುಳಿಂದ ಎಳೆದು, "ಇಷ್ಟು ಹೊತ್ತು ಬಾಯಲ್ಲಿ ಎಂತ ಇಟ್ಕೊಂಡಿದ್ದೆ ಮಾರಾಯ!" ಅಂತ ಲವಿಟಾಳನ್ನು ಕರ್ಕೊಂಡು ಓಡಿದರು.

ಹೊರಗೆ ಬಂದಾಗ ಒಂದು ಬಾವಿಕಟ್ಟೆಗೆ ಕಪ್ಪು ಬಟ್ಟೆ ಹೊದೆಸಿ ನಡೆಸಿದ ಹಾಗಿತ್ತು. ಮೇಲೆ ಐವಿ ಆಂಟಿಯ ಮುಖ, ಗಂಭೀರವಾಗಿ. ಜನ ಗೌರವದಿಂದ ದಾರಿ ಬಿಟ್ಟರು. ಬಿಡದೆ ಉಪಾಯವೂ ಇರಲಿಲ್ಲ. ಅಂಕಲ್ ಹೆಂಡತಿಯ ಹತ್ತಿರ ನಡೀಲಿಕ್ಕೆ ನೋಡಿದರು, ಬಳೆ ತಾಗಿ ತಾಗಿ ದೂರ ಹೋಗ್ತಾ ಇದ್ದರು. ಪಾಸ್‌ಪೋರ್ಟ್ ಕೌಂಟರಿನ ಆಚೆ ಆ ಕಪ್ಪು ಗೋಪುರ ತಿರುಗಿ ಒಮ್ಮೆ ಕೈ ಬೀಸಿತು. ಕೊನ್ರಾಡ್ ಹಾಲಿನ ಪುಡಿ ಡಬ್ಬಗಳನ್ನು ಅಪ್ಪಿಕೊಂಡು ನಿಂತಿದ್ದ. ಕಣ್ಣೊರೆಸಲಿಕ್ಕೆ ಕೈ ಖಾಲಿ ಇರಲಿಲ್ಲ, ಸೈದು ಒರೆಸಿದ.

ಮದುವೆಯ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ, ಕೊನ್ರಾಡ್ ಕೆಲಸದ ಬಾಯ್ಲರ್ ಸೂಟಿನಲ್ಲೇ ಅಂಗಡಿಯೊಂದರ ಮುಂದಿನ ಫೋನಿನಿಂದ ಊರಿಗೆ ಕಾಲ್ ಮಾಡಿದ. ಆ ಕಡೆ ಬ್ಯಾಂಡಿನ ಸದ್ದು, ಯಾರೋ ಕಿರುಚುವುದು, ಮತ್ತೆ ಕಾರ್ಮೆಲ್.

"ಅಣ್ಣಾ! ಗೌನ್ ಎಷ್ಟು ದೊಡ್ಡ ಉಂಟು ಗೊತ್ತುಂಟಾ! ಕಾರಲ್ಲಿ ನನ್ನ ಹತ್ರ ಇವರಿಗೆ ಕೂತ್ಕೊಳ್ಲಿಕ್ಕೆ ಜಾಗ ಇಲ್ಲ, ಎದುರು ಡ್ರೈವರ್ ಹತ್ರ ಕೂತು ಬಂದ್ರು!" ನಗ್ತಾ ಇದ್ದಳಾ ಅಳ್ತಾ ಇದ್ದಳಾ ಗೊತ್ತಾಗಲಿಲ್ಲ. "ಇಡೀ ಊರು ಬಾಯಿ ಬಿಟ್ಟು ನೋಡ್ತಾ ಉಂಟು ಅಣ್ಣಾ. ಅಪ್ಪನ ಜಾಗದಲ್ಲಿ ನನ್ನ ಕೈ ಹಿಡ್ಕೊಂಡು ಸ್ಯಾಮುವೆಲ್ ಅಂಕಲ್ ನಡೆದ್ರು. ನೀನು ಹೇಳಿದ್ದಾ?"

ಕೊನ್ರಾಡ್ ಹೇಳಿರಲಿಲ್ಲ. ಅಷ್ಟು ಕೇಳ್ಲಿಕ್ಕೆ ಅವನಿಗೆ ಧೈರ್ಯವೇ ಇರಲಿಲ್ಲ. ಫೋನ್ ಕಾರ್ಡಿನ ದುಡ್ಡು ಮುಗಿಯುವವರೆಗೂ ಅವನು "ಹ್ಞಾಂ, ಹ್ಞಾಂ" ಅಂತ ಮಾತ್ರ ಅಂದ.

ಆಮೇಲೆ ಸಂಘದ ವಾರ್ಷಿಕೋತ್ಸವ ಬಂತು. ಸಾಲ್ಮಿಯಾದ ಒಂದು ಶಾಲೆಯ ಹಾಲು, ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಊರಿಂದ ವಾಪಸ್ ಬಂದ ಐವಿ ಆಂಟಿ, ಸ್ಯಾಮುವೆಲ್ ಅಂಕಲ್ ಮೊದಲ ಸಾಲಿನಲ್ಲಿ. ಪರದೆ ಹಿಂದೆ ಶ್ಯಾಮಸುಂದರ್ ಬೆವರ್ತಾ ಇದ್ದರು.

"ಪಾರ್ಸೆಲ್ ಇಲ್ಲ ಅಲ್ಲವೇ?"

"ಉಂಟು ಸರ್. ಆದ್ರೆ ಕೊಡುವವನು ನಾನೇ. ಬೇರೆ ಯಾರ ತಮಾಷೆಯೂ ಇಲ್ಲ."

ನಿಜವಾಗಿಯೂ ಅವನು ತನ್ನನ್ನೇ ಮಾಡಿದ. ಎದೆ ಬಡಿದು ಗೌನು ತಗೊಂಡ ಕೊನ್ರಾಡ್, ಕುನಾಫಾ ಅಡಗಿಸಿದ ಕೊನ್ರಾಡ್, ತಲೆ ವಾಲಿಸಿ ಗಾಳಿ ಅಂದ ಕೊನ್ರಾಡ್, ಪ್ಯಾಂಟಿಗೆ ಪಾಕ ಇಳಿದ ಕೊನ್ರಾಡ್. ಜನ ನಕ್ಕು ನಕ್ಕು ಸುಸ್ತಾದರು. ಮೈಕಲ್ ಶಿಳ್ಳೆ ಹೊಡೆದ. ಏರ್‌ಪೋರ್ಟಿನವರೆಗೆ ಬಂದು ಕೊನ್ರಾಡ್ ನಿಲ್ಲಿಸಿದ.

"ಒಂದು ದೊಡ್ಡ ಮನಸ್ಸು ಪಾಸ್‌ಪೋರ್ಟ್ ಕೌಂಟರ್ ದಾಟಿ ಹೋಯ್ತು. ಆಮೇಲೆ ಎಂತಾಯ್ತು ಅಂತ ನಂಗೆ ಗೊತ್ತಿಲ್ಲ. ಅಷ್ಟೇ ನನ್ನ ಕಥೆ. ದೇವರು ಅವರನ್ನು..."

"ಅಷ್ಟೇನಾ?" ಮೊದಲ ಸಾಲಿನಿಂದ ಸ್ವರ ಬಂತು. ಐವಿ ಆಂಟಿ ಎದ್ದು ನಿಂತಿದ್ದರು. "ಅಸಲಿ ಕಥೆ ಆಮೇಲೆ ಇರುದು! ಸೆಕ್ಯೂರಿಟಿ ಹೇಳಿದ್ದಿಯಾ ನೀನು? ಆ ಮೆಷಿನ್ನು ನನ್ನನ್ನು ನೋಡಿ ಬೊಬ್ಬೆ ಹೊಡೆದದ್ದು ಹೇಳಿದ್ದಿಯಾ?"

"ನಂಗೆ ಗೊತ್ತೇ ಇಲ್ಲ ಆಂಟಿ!"

"ಗೊತ್ತಿಲ್ಲದಿದ್ರೆ ಆಚೆ ಸರಿ!" ಅಂತ ಆಂಟಿ ಸ್ಟೇಜಿನ ಮೆಟ್ಟಿಲು ಹತ್ತಿದರು. ಶ್ಯಾಮಸುಂದರ್ ಪರದೆಯ ಹಗ್ಗ ಹಿಡಿದು ನಿಂತರು, ಎಳೆಯಲು ಕೈ ಬರಲಿಲ್ಲ.

"ಪರದೆ ಹಿಂದೆ ಕರ್ಕೊಂಡು ಹೋದಳು, ಕುವೈತಿ ಪೊಲೀಸ್ ಹೆಂಗಸು," ಅಂದರು ಆಂಟಿ, ಮೈಕು ಬಾಯಿಗೆ ಎಟುಕದೆ. "ಅಬಾಯಾ ಎತ್ತಿದಳು. ನೋಡಿದಳು. ನನ್ನ ಮುಖ ನೋಡಿದಳು. ಪುನಃ ಕೆಳಗೆ ನೋಡಿದಳು. 'ಅರೂಸ್?' ಅಂದಳು. ಮದುಮಗಳಾ ಅಂತ! ಈ ಪ್ರಾಯದಲ್ಲಿ! ನಾನು ಹೆದರಿಕೆಗೆ 'ಅಯ್ವಾ, ಅಯ್ವಾ', ಹೌದು ಹೌದು ಅಂದೆ. ಅವಳು ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟು, ನಾಲಿಗೆ ಹೊರಗೆ ಹಾಕಿ ಹೀಗೆ..."

ಐವಿ ಆಂಟಿ ಬಾಯಿಗೆ ಕೈ ಅಡ್ಡ ಇಟ್ಟು, ಅರಬ್ಬಿ ಮದುವೆಯಲ್ಲಿ ಹೆಂಗಸರು ಹಾಕುವ ಆ ಉದ್ದದ ಸಂತೋಷದ ಕೂಗು ಹಾಕಿದರು. ಸಭಾಂಗಣದ ಮಾಡು ಹಾರಿಹೋಗುವಷ್ಟು ನಗು.

"ಹೊರಗೆ ಬಂದು ಅವಳು ಸ್ಯಾಮ್‌ನ ಕೈ ಕುಲುಕಿ 'ಮಬ್ರೂಕ್ ಬಾಬಾ' ಅಂದಳು, ಮದುಮಗನಿಗೆ ಶುಭಾಶಯ! ಇವರು ಎಂತ ಅಂದ್ರು ಗೊತ್ತುಂಟಾ? ತಡೀರಿ, ಹೇಳ್ತೇನೆ!"

ಕೊನ್ರಾಡ್ ಮೈಕಿನ ಸ್ಟ್ಯಾಂಡನ್ನು ಆಂಟಿಯ ಎತ್ತರಕ್ಕೆ ಇಳಿಸಿ ಬಿಗಿ ಮಾಡಿದ. ಮತ್ತೆ ಮೆಲ್ಲಗೆ ಸ್ಟೇಜು ಇಳಿದು ಬಂದು ಆಂಟಿಯ ಖಾಲಿ ಕುರ್ಚಿಯ ಹತ್ತಿರ ನಿಂತ.

ಸ್ಯಾಮುವೆಲ್ ಅಂಕಲ್ ಕುರ್ಚಿಯನ್ನು ಅಂಗೈಯಿಂದ ತಟ್ಟಿ ತೋರಿಸಿದರು.

"ಕೂತ್ಕೋ ಪುತಾ. ಮದುವೆ ಆದಾಗಿನಿಂದ ಇವಳೆದುರು ನಾನು ಇಲ್ಲೇ, ಮೊದಲ ಸಾಲಿನಲ್ಲೇ ಕೂತದ್ದು. ಒಬ್ಬನಿಗೆ ನಕ್ಕು ಪೂರೈಸುದಿಲ್ಲ."